ಅವ್ವನ ಏಳು ತಿಂಗಳು

ಒಬ್ಬ ರಾಜನಿದ್ದನಂತೆ, ಅವನಿಗೊಬ್ಬಳು ಮಗಳಂತೆ, ಒಂದು ದಿನ ಆಕೆ ಮಾತು ಬಿಟ್ಟು ಏಳಂತಸ್ತಿನ ಉಪ್ಪರಿಗೆ ಹತ್ತಿ ಕುಳಿತಳಂತೆ — ಆಯಿಯ ದನಿ, ಅವ್ವನ ತಾಯಿಯ ದನಿ, ಯಾಕೆ ಈಗ, ಈ ಬಸ್ಸಿನಲ್ಲಿ, ಡೀಸೆಲ್ ವಾಸನೆಯ ನಡುವೆ, ಕಿಟಕಿಯ ಸರಳಿಗೆ ಹಣೆಯೊತ್ತಿ ಕುಳಿತ ಪ್ರಫುಲ್ಲಾಳ ಕುತ್ತಿಗೆ ನೋಡುತ್ತಿರುವಾಗ, ಎಷ್ಟು ಸಣ್ಣಗಾಗಿದೆ ಈ ಕುತ್ತಿಗೆ, ಹದಿನಾರು ವರ್ಷದ ನನ್ನ ತಂಗಿ, ಎರಡು ತಿಂಗಳಿಂದ ಕಾಲೇಜಿಲ್ಲ, ಜಡೆಯಿಲ್ಲ, ತಟ್ಟೆಯ ಅನ್ನ ತಟ್ಟೆಯಲ್ಲೇ, ಮೊನ್ನೆ ಅಪ್ಪನ ಕಾರ್ಖಾನೆಯ ಕ್ವಾರ್ಟರ್ಸಿನ ಟೆರೇಸಿನಲ್ಲಿ, ಕಟ್ಟೆಯ ಮೇಲೆ, ತುದಿಯಲ್ಲಿ ನಿಂತಿದ್ದಳು, ಏನ ಮಾಡಾಕತ್ತೀಯೇ ಅಂದರೆ ಗಾಳಿ ತಗೊಳ್ಳಾಕತ್ತೀನಿ ಅಂದಳು — ಪಟಾನ್‌ಚೆರು, ಪಟಾನ್‌ಚೆರು, ಕಂಡಕ್ಟರ್ ಕೂಗುತ್ತಾನೆ, ಮುಂದಿನ ಸೀಟಿನಲ್ಲಿ ಅವ್ವ, ಔಷಧಿ ಚೀಟಿಯನ್ನು ಎಂಟು ಮಡಿಕೆ ಮಾಡಿ ಮುಷ್ಟಿಯಲ್ಲಿಟ್ಟುಕೊಂಡು, ಹಿಂದೆ ತಿರುಗುವುದಿಲ್ಲ. ಹಿಮಾಯತ್‌ನಗರದ ಡಾಕ್ಟರಮ್ಮ ತೆಲುಗಿನಲ್ಲಿ ಕೇಳಿದರು, ಅವ್ವನ ತೆಲುಗು ತರಕಾರಿ ಗಾಡಿಯವನ ಮಟ್ಟಿಗೆ ಮಾತ್ರ, ನಡುವೆ ನಾನು, ಆ ಕಡೆಯದು ಈ ಕಡೆಗೆ, ಈ ಕಡೆಯದು ಆ ಕಡೆಗೆ, ಮನೆಯಲ್ಲಿ ಹಿಂದೆ ಯಾರಿಗಾದರೂ ಹೀಗಾಗಿತ್ತೇ ಅಂತ ಕೇಳಮ್ಮಾ, ಕೇಳಿದೆ, ಅವ್ವ ಗೋಡೆಯ ಕ್ಯಾಲೆಂಡರ್ ನೋಡುತ್ತ, ಇಲ್ಲ ಅನ್ನು, ನಮ್ಮ ಮನೆತನದಾಗ ಅಂಥಾವೆಲ್ಲ ಇಲ್ಲ ಅನ್ನು, ಲೇದಂಡಿ ಅಂದೆ ನಾನು, ಎಷ್ಟು ಸಲೀಸಾಗಿ, ಪ್ರಫುಲ್ಲಾ ನಕ್ಕಳು, ಮೂಗಿನಿಂದ, ಸಣ್ಣಗೆ. ಈಗ ಕಿವಿಯ ಹತ್ತಿರ ಬಂದು ಹೇಳುತ್ತಾಳೆ, ಕೇಳಿದೆಲ್ಲಕ್ಕ, ಇಡೀ ಮನೆತನಕ್ಕ ನಾ ಒಬ್ಬಾಕೀನ ಕೆಟ್ಟು ಹುಟ್ಟೀನಿ. ಹಂಗಲ್ಲೇ. ಮತ್ತ ಹೆಂಗ, ಅವ್ವಗ ಒಂದ ದಿನನೂ ಹಿಂಗ ಅನಿಸಿಲ್ಲೇನು, ಕೇಳಿ ಬಂದು ಹೇಳು, ನಿನ್ನ ಕಥಿ ಬ್ಯಾಡ, ಖರೇ ಹೇಳು. ಸಂಜೀ ಒಳಗ ಹೇಳ್ತೀನಿ ಅಂದೆ, ಅಂದುಬಿಟ್ಟೆ.

ಸ್ಟೋವಿನ ಸದ್ದು, ಅವ್ವ ಜೋಳದ ಹಿಟ್ಟು ನಾದುತ್ತಿದ್ದಾಳೆ, ನಾನು ಅಡಿಗೆಮನೆಯ ಹೊಸ್ತಿಲ ಮೇಲೆ, ಅವ್ವಾ ಡಾಕ್ಟರಮ್ಮ ಕೇಳಿದ್ದು ನಿನ್ನೂ ಸೇರಿಸಿ. ನನ್ನ್ಯಾಕ ಸೇರಸ್ತೀ, ಬಿಸಿನೀರು ತಾ. ಕೊಟ್ಟೆ. ಪ್ರಫೂ ತಾ ಒಬ್ಬಾಕೀನ ಕೆಟ್ಟಾಕಿ ಅಂತ ತಿಳಕೊಂಡಾಳವ್ವ. ಕೈ ನಿಂತಿತು. ನಿಮ್ಮ ಆಯಿ ಕಥಿ ಹೇಳತಿದ್ಲಲ್ಲ, ಮಾತು ಬಿಟ್ಟ ರಾಜನ ಮಗಳದು. ಹೂಂ. ಅದು ಉಪ್ಪರಿಗಿ ಅಲ್ಲ, ಬಾವಿ, ಲಿಂಗಸೂಗೂರಿನ ನಮ್ಮ ಹಿತ್ತಲ ಬಾವಿ, ಅದರ ದಂಡಿ ಮ್ಯಾಲ ನಾ ಕುಂದರತಿದ್ದೆ, ಪ್ರಫೂನಷ್ಟಾಕಿ ಇದ್ದಾಗ, ಕಾಲು ಒಳಗ ಬಿಟ್ಟು — ಏನಂದಳು, ಏನು, ನಾನು ಆಯಿಯ ತೊಡೆಯ ಮೇಲೆ ಮಲಗಿ ಆ ಉಪ್ಪರಿಗೆಗೆ ಬೆಳ್ಳಿಯ ಕಿಟಕಿ ಇಟ್ಟಿದ್ದೆ, ನವಿಲು ಇಟ್ಟಿದ್ದೆ, ನಾನೂ ಅವಳಂತಾಗಬೇಕೆಂದು ಆಸೆಪಟ್ಟಿದ್ದೆ, ಕಥೆ ಅಲ್ಲಿಗೆ ಬಂದಾಗಲೆಲ್ಲ ಅವ್ವ ಎದ್ದು ಒಳಗೆ ಹೋಗುತ್ತಿದ್ದಳು, ಹಾಲು ಉಕ್ಕತೈತಿ ಅಂತ, ಮಧ್ಯಾಹ್ನ ಮೂರಕ್ಕೆ ಯಾವ ಹಾಲು, ಒಮ್ಮೆಯೂ ನೋಡಲಿಲ್ಲ ನಾನು, ಹಿಂದೆ ಹೋಗಿ ಒಮ್ಮೆಯೂ — ಕಥ್ಯಾಗ ರಾಜಕುಮಾರ ಬಂದು ಮಾತಾಡಿಸಿದ್ನಲ್ಲವ್ವ, ಎಂಥ ಪೆದ್ದು ಪ್ರಶ್ನೆ, ಬಾಯಿಂದ ಬಿತ್ತು. ಯಾವ ರಾಜಕುಮಾರ, ನಿಮ್ಮಪ್ಪಗ ಇವತ್ತಿಗೂ ಗೊತ್ತಿಲ್ಲ, ನನ್ನ ಮಗಳು ಗುಣವತಿ ಮೌನವ್ರತ ಹಿಡದಾಳ ಅಂತ ಊರಿಗೆಲ್ಲ ಸಾರಿದ್ಲು ನಿಮ್ಮಾಯಿ, ಇಲ್ಲಾಂದ್ರ ಲಗ್ನ ಆಗತಿತ್ತೇನು ನನಗ, ಮಂದಿ ನಂಬಿದ್ರು, ಮುತ್ತೈದೆಯರು ಬಂದು ಕಾಲಿಗೆ ಅರಿಷಿಣ ಹಚ್ಚಿ ಬೀಳತಿದ್ರು, ನಾ ಸುಮ್ಮ ನೋಡತಿದ್ದೆ, ಅವರು ಹೋದ ಮ್ಯಾಲ ಮತ್ತ ಬಾವಿ. ಅರಿಷಿಣದ ಎರಡು ಪಾದ, ಹದಿನಾರರ ಪಾದ, ಕಪ್ಪು ನೀರಿನ ಮೇಲೆ — ಅವ್ವಾ ನೀನ ಹೇಳು ಆಕೀಗೆ. ನನಗಾಗಂಗಿಲ್ಲ, ನೀ ಹೇಳು, ನಿನಗ ಹೇಳಾಕ ಬರತೈತಿ.

ಕೋಣೆ, ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ, ಅವಳ ಬೆನ್ನಿಗೆ ನಾನು ಬಾಯಿ ತೆರೆಯುತ್ತೇನೆ, ಒಬ್ಬ ರಾಜ — ಛೀ, ಬಂದೇ ಬಿಟ್ಟಿತ್ತು, ಆಯಿಯ ನಾಲಿಗೆ ನನ್ನ ಬಾಯೊಳಗೆ, ಕಚ್ಚಿ ಹಿಡಿದೆ, ಪ್ರಫೂ, ಅವ್ವಗೂ ಆಗಿತ್ತು, ನಿನ್ನ ವಯಸ್ಸಿನ್ಯಾಗ, ಮಾತು ಬಿಟ್ಟು ಬಾವಿ ದಂಡಿ ಮ್ಯಾಲ ಕುಂದರತಿದ್ಲಂತ, ಅಷ್ಟೇ, ಇಷ್ಟು ಚಿಕ್ಕದಾ ಇದು, ಇಷ್ಟಕ್ಕೆ ಇಷ್ಟು ವರ್ಷ. ಬಾಗಿಲಲ್ಲಿ ಅವ್ವ, ಬೆರಳಿಗೆಲ್ಲ ಹಿಟ್ಟು, ಏಳು ತಿಂಗಳು ಅಂತ ಹೇಳಾಕೀಗೆ. ಏಳು ತಿಂಗಳಂತ. ಗೋಡೆಯ ಕಡೆಯಿಂದ, ಹೆಂಗ ಹೋತಂತ ಕೇಳಕ್ಕ. ಹೆಂಗ ಹೋತವ್ವ. ಗೊತ್ತಿಲ್ಲ ಅನ್ನು, ಒಂದ ಮುಂಜಾನಿ ಹಸಿವಾತು, ಅಷ್ಟ, ಯಾರೂ ಏನೂ ಕೇಳಲಿಲ್ಲ, ಯಾರರ ಕೇಳಿದ್ರ ಲಗೂನ ಹೋಗತಿತ್ತೇನೋ ಅನ್ನು — ಒಂದೇ ಭಾಷೆಯ ಇಬ್ಬರು, ನಡುವೆ ನಾನು ಮತ್ತೆ ಆ ಕಡೆಯದು ಈ ಕಡೆಗೆ, ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಪ್ರಫುಲ್ಲಾ ಎದ್ದು ಕೂತಳು, ನನ್ನನ್ನು ನೋಡಲಿಲ್ಲ, ನನ್ನ ಭುಜದ ಆಚೆ ನೋಡುತ್ತ, ಬಾವ್ಯಾಗ ನೀರಿತ್ತೇನವ್ವ, ಅಂದಳು. ಅವ್ವ ಒಳಗೆ ಬಂದಳು, ಇತ್ತವಾ, ಭಾಳ ಇತ್ತು, ಅಂದಳು, ಅವಳಿಗೇ, ನೇರವಾಗಿ, ನಾನಿನ್ನು ಹೇಳುವುದೇನೂ ಇಲ್ಲ, ಮುಗಿಯಿತು, ಅವ್ವ ಮಂಚದ ತುದಿಯಲ್ಲಿ ಕುಳಿತುಕೊಳ್ಳುತ್ತಾಳೆ, ಕಾಲು ಇಳಿಬಿಡುತ್ತಾಳೆ, ಪಕ್ಕದಲ್ಲಿ ಪ್ರಫುಲ್ಲಾಳ ಕಾಲು, ಅರಿಷಿಣದ ಪಾದ, ಕಪ್ಪು ನೀರು, ಪಾದ, ಆ ಎರಡು ಪಾದ