ಬರಿದೋಣಿಯ ಲೆಕ್ಕ

ದೋಣಿ ನಡುಹೊಳೆಗೆ ಬಂದರೂ ಪರಮೇಶ್ವರಿಯ ಸಿಟ್ಟು ಇಳಿದಿರಲಿಲ್ಲ. "ನಾನು ಕಿವಿಯಾರೆ ಕೇಳಿದ್ದನ್ನೇ ಬರೆದಿದ್ದೇನೆ ಸರ್," ಎಂದಳು. ಎದುರಿಗೆ ಕೂತಿದ್ದ ಮೀನುಗಾರಿಕೆ ಇಲಾಖೆಯ ತ್ರ್ಯಂಬಕ ಹೆಗಡೆಯವರು ಕೊಡೆಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು, "ಇಲ್ಲ ಅಂದವರು ಯಾರು ಮಾರಾಯ್ತಿ? ಆ ಅಂಕಿ ಹುಟ್ಟಿದ್ದೆಲ್ಲಿ ಅಂತ ನೋಡಿ ಬರೋಣ ಅಂದೆ, ಅಷ್ಟೇ," ಎಂದರು.

ಮಾವಿನಕುರ್ವೆಯ ದೋಣಿಗಳಲ್ಲಿ ಅರ್ಧಕ್ಕರ್ಧ ಬರಿದಾಗಿ ಮರಳುತ್ತವೆ ಎಂದು ಆ ವರ್ಷದ, ಎಪ್ಪತ್ತೊಂಬತ್ತರ, ವರದಿ ಹೇಳುತ್ತಿತ್ತು. ಮೀನೇ ಇಲ್ಲದ ಊರಿಗೆ ಐಸ್ ಫ್ಯಾಕ್ಟರಿ ಯಾಕೆ, ಮುರ್ಡೇಶ್ವರಕ್ಕೆ ಕೊಡೋಣ ಎಂದು ಮೇಲಿನವರು ಮಾತಾಡಿಕೊಳ್ಳುತ್ತಿದ್ದರು. ಶುಕ್ರವಾರ ತೀರ್ಮಾನ. ಸುದ್ದಿ ಕೇಳಿದ ಮಾವಿನಕುರ್ವೆಯ ಮೀನುಗಾರ್ತಿ ನಾಗಿ ತಲೆಯ ಮೇಲಿನ ಮೀನುಬುಟ್ಟಿಯನ್ನೂ ಇಳಿಸದೆ ಹೊನ್ನಾವರಕ್ಕೆ ಬಂದು ಹೆಗಡೆಯವರ ಮೇಜಿನ ಮುಂದೆ ನಿಂತಿದ್ದಳು. "ಹೆಗಡೇರೆ, ಕುಮಟೆ ಪೇಟೆ ಮುಟ್ಟೂದ್ರೊಳಗೆ ನನ್ನ ಬಂಗಡೆ ಮೆತ್ತಗಾತದೆ. ಅರ್ಧ ಬುಟ್ಟಿ ತೆಂಗಿನ ಬುಡಕ್ಕೆ ಗೊಬ್ಬರಾಗೇ ಹೋತದೆ. ಮೀನಿಲ್ಲ ಅಂದದ್ದು ಯಾರು, ಎಂತಕ್ಕೆ ಅಂದ್ರು?" ಅವಳು ಹೋದ ಮೇಲೂ ಬಂಗಡೆಯ ವಾಸನೆ ಕಚೇರಿಯಲ್ಲಿ ಉಳಿಯಿತು, ಪ್ರಶ್ನೆಯೂ ಉಳಿಯಿತು.

ಹೆಗಡೆಯವರು ವರದಿಯ ಬಾಲ ಹಿಡಿದು ಹಿಂದಕ್ಕೆ ಹೊರಟರು. ಟೈಪು ಮಾಡಿದ್ದು ಸರಿಯಿತ್ತು, ಕೂಡಿಸಿದ್ದೂ ಸರಿಯಿತ್ತು. ಇನ್ನು ಉಳಿದದ್ದು ದಡದಲ್ಲಿ ಕೂತು ಬುಟ್ಟಿಗಳ ಲೆಕ್ಕ ಬರೆಯುವ ಪರಮೇಶ್ವರಿ ಮಾತ್ರ. ಕುಮಟೆ ಕಡೆಯವರ ಮಗಳಾದರೂ ಬೆಳೆದದ್ದು ಮುಂಬಯಿಯ ಚಾಳಿನಲ್ಲಿ. ಕೆಲಸಕ್ಕೆ ಸೇರಿ ಇನ್ನೂ ಒಂದು ಮಳೆಗಾಲ ಕಂಡವಳಲ್ಲ.

ಮಾವಿನಕುರ್ವೆಯಲ್ಲಿ ಅವಳು ತನ್ನ ಮಾಮೂಲಿ ಜಾಗ ತೋರಿಸಿದಳು. ತೆಂಗಿನ ಮಡಲಿನ ಚಪ್ಪರ, ಅದರ ಮುಂದೆ ಒಣಹಾಕಿದ ಬಲೆಗಳ ಸಾಲು. ಬಲೆಯಾಚೆಗೆ ಏನೂ ಕಾಣುತ್ತಿರಲಿಲ್ಲ. ಮೀನಿಳಿಸುವ ಕಡೆಯಿಂದ ಎಣಿಸುವ ನಾಗಿಯ ದನಿ ಮಾತ್ರ ಕೇಳುತ್ತಿತ್ತು. ಹೆಗಡೆಯವರೂ ಪರಮೇಶ್ವರಿಯ ಪಕ್ಕದಲ್ಲೇ ಕೂತರು.

ದಾಸನ ದೋಣಿ ಬಂತೆಂದು ಬಲೆಯಾಚೆ ಯಾರೋ ಕೂಗಿದರು. "ಲಾಭ," ಎಂದಿತು ದನಿ. "ಎರಡು. ಮೂರು." ಪರಮೇಶ್ವರಿ ಮೂರು ಎಂದು ಬರೆದಳು. ಆಮೇಲೆ ಶನಿಯಾರನ ಪುಟ್ಟ ದೋಣಿ. "ಲಾಭ," ಎಂದಿತು ದನಿ. ಮುಂದೆ ಮಾತಿಲ್ಲ. ಪರಮೇಶ್ವರಿ ದುಂಡಗೆ ಒಂದು ಸೊನ್ನೆ ಬರೆದಳು.

"ಸೊನ್ನೆ ಯಾಕೆ?"

"ಅವಳು ಎಣಿಸಲೇ ಇಲ್ಲವಲ್ಲ ಸರ್."

"ಲಾಭ ಅಂದಳಲ್ಲ?"

"ಅದು ಶುರುವಿಗೆ ಹೇಳೋದು. ನಾವು ಕಾಗದದ ತಲೆಯಲ್ಲಿ ಶ್ರೀ ಬರೆಯೋದಿಲ್ಲವಾ, ಹಾಗೆ."

ಹೆಗಡೆಯವರು ನಕ್ಕ ರಭಸಕ್ಕೆ ಕೊಡೆ ಉರುಳಿತು. "ಮಾರಾಯ್ತಿ, ನಮ್ಮ ಆಯಿ ಅಕ್ಕಿ ಅಳೆಯುವಾಗಲೂ ಹಾಗೇ. ಮೊದಲನೇದಕ್ಕೆ ಒಂದು ಅನ್ನೋದಿಲ್ಲ, ಲಾಭ ಅನ್ನೋದು. ಲಾಭ, ಎರಡು, ಮೂರು. ಎಣಿಕೆ ಎರಡರಿಂದ ಹೇಗೆ ಶುರುವಾಯ್ತು ಅಂತ ನಿನಗೆ ಅನ್ನಿಸಲೇ ಇಲ್ಲವಾ?"

"ಅನ್ನಿಸಿತು ಸರ್. ಒಂದು ಅಂದದ್ದು ಗಾಳಿಗೆ ಹಾರಿಹೋಯ್ತು ಅಂದುಕೊಂಡೆ."

ಹೇಳುತ್ತಿದ್ದಂತೆ ಅವಳ ಮುಖ ಕೆಂಪಾಯಿತು. ರೇಶನ್ ಅಂಗಡಿಯ ತಕ್ಕಡಿ ಬಿಟ್ಟರೆ ಅವಳು ಬೇರೆ ಅಳತೆ ಕಂಡವಳಲ್ಲ. ಒಂದೊಂದೇ ಬುಟ್ಟಿ ತಂದ ಬಡಪಾಯಿ ದೋಣಿಗಳನ್ನೆಲ್ಲ ತಾನೇ ಬರಿದು ಮಾಡಿದೆನಲ್ಲ ಎಂದುಕೊಂಡಳು. ಎದ್ದು ಬಲೆಯ ಸಾಲು ದಾಟಿ ನಾಗಿಯ ಎದುರು ನಿಂತು, ತಾನು ಮಾಡಿದ್ದನ್ನು ತಾನೇ ಹೇಳಿದಳು.

ನಾಗಿ ಸೊಂಟಕ್ಕೆ ಕೈಕೊಟ್ಟು ಕೇಳಿದಳು, ಆಮೇಲೆ ಪರಮೇಶ್ವರಿಯ ಕಿವಿಯತ್ತ ಬೆರಳು ತೋರಿಸಿದಳು. "ಹಂಗಾರೆ ನಮ್ಮ ಲಾಭ ಎಲ್ಲ ನಿಮ್ಮ ಕೆಮಿಯಾಗೇ ಉಳೀತಾ ಅಕ್ಕೋರೆ?" ದಡದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಪರಮೇಶ್ವರಿಗೆ ಅಳು ಬರುವುದರಲ್ಲಿತ್ತು, ಆದರೆ ನಗುವೇ ಬಂತು.

"ನಿಜವಾಗಿ ಬರಿದಾಗಿ ಬಂದ ದೋಣಿಗಳೂ ಇರಬೇಕಲ್ಲ ನಾಗಿ?" ಎಂದು ಹಿಂದೆಯೇ ಬಂದ ಹೆಗಡೆಯವರು ಕೇಳಿದರು.

"ಬರಿದೋಣಿ ಇಲ್ಲಿಗೆ ಎಂತಕ್ಕೆ ಬತ್ತದೆ ಹೆಗಡೇರೆ? ಅದು ಸೀದಾ ಕಟ್ಟೂ ಗೂಟಕ್ಕೆ ಹೋತದೆ."

ಅಂದರೆ ಬರೆದ ಸೊನ್ನೆಯೆಲ್ಲ ಒಂದೊಂದು ಬುಟ್ಟಿ. "ನೋಡದೆ ಸಹಿ ಹಾಕಿದವನು ನಾನು. ಬಯ್ಯುವುದಾದರೆ ಮೇಲಿನವರು ಇಬ್ಬರನ್ನೂ ಬಯ್ಯಲಿ," ಎಂದರು ಹೆಗಡೆಯವರು. ವಾಪಸು ಬರುವ ದೋಣಿಯಲ್ಲೇ ಪರಮೇಶ್ವರಿ ತಿದ್ದಲು ಕೂತಳು. ಶುಕ್ರವಾರ ಹೆಗಡೆಯವರು ಹೊಸ ವರದಿ ಹಿಡಿದು ಹೋದರು, ಬೈಗುಳ ತಿಂದರು, ನಗುನಗುತ್ತಾ ಬಂದರು.

ಮರುವರ್ಷ ಮಾವಿನಕುರ್ವೆಯ ಐಸ್ ಫ್ಯಾಕ್ಟರಿಯ ಬಾಗಿಲಲ್ಲಿ ಬುಟ್ಟಿ ಹಿಡಿದ ಹೆಂಗಸರು ಕಿಕ್ಕಿರಿದು ನಿಂತಿದ್ದರು. ಮುಂದಿದ್ದವರನ್ನು ನಾಗಿ ಮೊಣಕೈಯಿಂದ ಸರಿಸಿದಳು. "ಇವತ್ತು ಎಣ್ಸೂದು ಅಕ್ಕೋರು."

ಪರಮೇಶ್ವರಿ ಸೀರೆ ಎತ್ತಿಕಟ್ಟಿ ಮರದ ಹೊಟ್ಟಿನಲ್ಲಿ ನಿಂತಳು. ಒಳಗಿನಿಂದ ಮೊದಲ ಗಡ್ಡೆ ಹೊಗೆಯಾಡುತ್ತಾ ಜಾರಿ ಬಂದು ಅವಳ ಕಾಲ ಬಳಿ ನಿಂತಿತು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು.

"ಲಾಭ," ಎಂದಳು ಪರಮೇಶ್ವರಿ.

ನಾಗಿ ಗಡ್ಡೆಯಿಂದ ಒಂದು ಚೂರು ಒಡೆದು ಅವಳ ಅಂಗೈಗೆ ಹಾಕಿದಳು. ಎರಡನೆಯ ಗಡ್ಡೆ ಬರುವವರೆಗೂ ಅದು ಬೆರಳ ಸಂದಿಯಿಂದ ತೊಟ್ಟಿಕ್ಕುತ್ತಿತ್ತು.