ಅರವತ್ತೆಂಟು ಗ್ರಾಂ ಹೆಚ್ಚು

ಎಂಟನೆಯ ದಿನ ಆಸ್ಪತ್ರೆಯ ತೂಕದ ಯಂತ್ರ ನೂರ ನಲವತ್ತೊಂದು ಕಿಲೋ ಏಳುನೂರು ಗ್ರಾಂ ತೋರಿಸಿತು. ಅಂದರೆ ಇಳಿದದ್ದು ಮುನ್ನೂರು ಗ್ರಾಂ. ಏಳು ದಿನ ಆಸ್ಪತ್ರೆಯವರು ಕೊಟ್ಟ ಪಥ್ಯದ ಪುಡಿ ಕದಡಿದ ನೀರು, ಸೋಸಿದ ತರಕಾರಿ ಸೂಪು ಬಿಟ್ಟರೆ ಬೇರೇನೂ ಮುಟ್ಟಿಲ್ಲ, ಹಲ್ಲಿಗಂತೂ ಪೂರ್ತಿ ರಜೆ. ಇಷ್ಟೆಲ್ಲ ಬಾಯಿ ಕಟ್ಟಿದ್ದಕ್ಕೆ ಎರಡು ಈರುಳ್ಳಿಯ ತೂಕವೇ? ಗ್ರಾಂ ಸಾಹೇಬರಿಗೆ ಮೈಯೆಲ್ಲ ಉರಿದುಹೋಯಿತು. ಇಳಿದು ಮತ್ತೆ ಹತ್ತಿದರು. ಅದೇ ಅಂಕಿ.

“ಇದನ್ನ ಕೊನೇ ಸಲ ಪರೀಕ್ಷೆ ಮಾಡಿಸಿದ್ದು ಯಾವಾಗ?” ಎಂದರು.

ಪಥ್ಯದ ಪಟ್ಟಿ ಬರೆದುಕೊಡುವ ಡಯಟಿಷಿಯನ್ ಹುಡುಗಿ ತಲೆಯೆತ್ತಿದಳು. “ಯಾವುದನ್ನ ಸಾರ್?”

“ಈ ಯಂತ್ರಾನ. ಕಾಲು ಸಮ ಇಲ್ಲ ಅನ್ಸುತ್ತೆ. ಸ್ವಲ್ಪ ಬಗ್ಗಿ ನೋಡಿ.”

ತಾವೇ ಬಗ್ಗಿ ನೋಡುವಂತಿದ್ದರೆ ಅವರು ಈ ಆಸ್ಪತ್ರೆಗೆ ಯಾಕೆ ಬರುತ್ತಿದ್ದರು? ಪಾಪ, ಆ ಹುಡುಗಿಯೇ ಬಗ್ಗಿ ನೋಡಿ, ನಾಲ್ಕೂ ಕಾಲು ನೆಲಕ್ಕೆ ಊರಿವೆ ಎಂದಳು. ಆಮೇಲೆ ಮೆಲ್ಲಗೆ, “ಇನ್ನೊಂದೇ ವಾರ ಇರೋದು ಸಾರ್. ಒಟ್ಟು ಆರು ಕಿಲೋ ಇಳೀಲೇಬೇಕು. ಲಿವರ್ ಈಗಿರೋ ಹಾಗೇ ಊದಿಕೊಂಡಿದ್ರೆ ಅದನ್ನ ಎತ್ತಿ ಕೆಳಗಿರೋ ಜಠರ ಕತ್ತರಿಸಿ ಚಿಕ್ಕದು ಮಾಡೋಕೆ ಆಗಲ್ಲ. ಡಾಕ್ಟ್ರು ಕೈ ಹಾಕೋದೇ ಇಲ್ಲ, ಡೇಟು ಕ್ಯಾನ್ಸಲ್” ಎಂದಳು.

ಸಾಹೇಬರು ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಇಪ್ಪತ್ತಾರು ವರ್ಷದಿಂದ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಪರೀಕ್ಷೆ ಮಾಡಿದವರು. ತಟ್ಟೆಯ ಕೆಳಗೆ ಅಂಟಿಸಿದ ಅಯಸ್ಕಾಂತ, ಒಳಗೆ ಕೊರೆದು ಹಗುರ ಮಾಡಿದ ತೂಕದ ಬಟ್ಟು, ಮಾತಾಡುತ್ತಾ ಮಾತಾಡುತ್ತಾ ತಟ್ಟೆಗೆ ತಗುಲಿಸುವ ಕಿರುಬೆರಳು, ಎಲ್ಲವನ್ನೂ ಬಾಗಿಲಲ್ಲಿ ನಿಂತೇ ಹಿಡಿಯುವವರು. ಒಂದು ಗ್ರಾಂ ಕೂಡ ಬಿಡುವುದಿಲ್ಲವೆಂದು ಅಂಗಡಿಯವರು ಎದುರಿಗೆ ‘ಗ್ರಾಂ ಸಾಹೇಬ್ರು’ ಎನ್ನುತ್ತಿದ್ದರು. ಬೆನ್ನ ಹಿಂದೆ ‘ಕ್ವಿಂಟಲ್ ಸಾಹೇಬ್ರು’. ಎರಡೂ ಅವರ ಕಿವಿಗೆ ಬಿದ್ದಿದ್ದವು. ಎರಡೂ ಸರಿಯಾದ ಲೆಕ್ಕವೇ ಆಗಿದ್ದರಿಂದ ಕೇಸು ಹಾಕುವಂತಿರಲಿಲ್ಲ.

ಇಂಥ ಕೆಲಸ ಮಾಡಿ ಮಾಡಿ ಅನುಮಾನ ಅವರ ರಕ್ತಕ್ಕೇ ಇಳಿದಿತ್ತು ಬಿಡಿ. ಪ್ಯಾಂಟು ಬಿಗಿಯಾದಾಗ ಮೊದಲು ಅನುಮಾನಪಟ್ಟದ್ದು ಬಟ್ಟೆ ಸೋಪಿನ ಮೇಲೆ, ಆಮೇಲೆ ಬಟ್ಟೆಯಂಗಡಿಯವನ ಮೇಲೆ. ಮನೆಯಲ್ಲಿರುವುದು ಇಬ್ಬರೇ, ಅವರು ಮತ್ತು ಹೆಂಡತಿ. ಹೆಂಡತಿ ಮನೆಯ ಮುಂಭಾಗದ ಕೋಣೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುವವಳು. ಸಾಹೇಬರ ಸೊಂಟದ ಹೊಲಿಗೆಯನ್ನು ವರ್ಷಕ್ಕೆರಡು ಸಲ ತುಟಿ ಪಿಟಕ್ಕೆನ್ನದೆ ಬಿಚ್ಚಿ ಅಗಲ ಮಾಡುತ್ತಿದ್ದಳು.

ತೂಕ ಇಳಿಸುವ ಈ ಆಪರೇಷನ್ನಿಗೆ ಕಾರಣ ಬೇರೆಯೇ ಇತ್ತು. ದಿನಸಿ ಅಂಗಡಿಯೊಂದರಲ್ಲಿ ತಕ್ಕಡಿಯ ಮುಳ್ಳು ನೋಡುತ್ತಾ ನಿಂತ ಸಾಹೇಬರು ನಿಂತಲ್ಲೇ ನಿದ್ದೆ ಹೋಗಿ, ಸಕ್ಕರೆ ಮೂಟೆಯ ಮೇಲೆ ಉರುಳಿದ್ದರು. ಡಾಕ್ಟರು ಒಂದು ದಿನ ಆಸ್ಪತ್ರೆಯಲ್ಲಿ ಮಲಗಿಸಿ, ಮೈಗೆಲ್ಲ ವೈರು ಅಂಟಿಸಿ ನೋಡಿದರು. ನಿದ್ದೆಯಲ್ಲಿ ಗಂಟೆಗೆ ನಲವತ್ತು ಸಲ ಉಸಿರು ನಿಲ್ಲುತ್ತಿತ್ತು. “ಹೀಗೇ ಬಿಟ್ರೆ ನಿಂತ ಉಸಿರು ಒಂದು ಸಲ ಶುರುವಾಗದೇ ಹೋಗಬಹುದು” ಎಂದಿದ್ದರು. ಅದನ್ನು ಸಾಹೇಬರು ಹೊಟ್ಟೆಯೊಳಗೇ ಇಟ್ಟುಕೊಂಡರು. ಮನೆಯಲ್ಲಿ ಹೇಳಿದ್ದು ಇಷ್ಟೇ: “ಮಂಡಿ ನೋವಿಗೆ ಒಳ್ಳೇದಂತೆ ಕಣೇ.”

ಮಿಕ್ಕ ತಯಾರಿಯೆಲ್ಲ ಅಚ್ಚುಕಟ್ಟಾಗಿತ್ತು. ಆರು ವಾರದ ರಜೆಚೀಟಿ ಬರೆದಾಯಿತು. ಮುಂದೆ ಊಟಕ್ಕೆ ಬೇಕಾಗುವ ಪುಟ್ಟ ತಟ್ಟೆ, ಪುಟ್ಟ ಚಮಚ ಬಂದವು. ಒಂದೊಂದು ಗುಟುಕನ್ನೂ ಗಡಿಯಾರ ನೋಡಿಕೊಂಡು ನಿಧಾನ ನುಂಗುವ ಅಭ್ಯಾಸವೂ ನಡೆದಿತ್ತು. ಆಪರೇಷನ್ನಿಗೆ ಮುಂಚೆ ಮನಸ್ಸಿನ ಡಾಕ್ಟರನ್ನು ನೋಡಬೇಕೆಂಬ ನಿಯಮವಿತ್ತು, ಅದನ್ನೂ ಮುಗಿಸಿದ್ದರು. “ಮನೇಲಿ ಯಾರಿಗಾದ್ರೂ ಈ ಆಪರೇಷನ್ ಇಷ್ಟ ಇಲ್ವಾ?” ಎಂದು ಆ ಡಾಕ್ಟರು ಕೇಳಿದಾಗ, ಇವನು ಏನೋ ಬಾಯಿ ಬಿಡಿಸಲು ನೋಡುತ್ತಿದ್ದಾನೆಂದು ಸಾಹೇಬರ ಕಿವಿ ನೆಟ್ಟಗಾಯಿತು. “ಹೆಂಡತಿ ಒಪ್ಪಿಗೆ ಪತ್ರಕ್ಕೆ ಸೈ ಹಾಕಿದಾಳಲ್ಲ, ಇನ್ನೇನು?” ಎಂದು ಎದ್ದು ಬಂದಿದ್ದರು.

ಈಗ ಈ ಮುನ್ನೂರು ಗ್ರಾಂ!

ಮರುದಿನ ಬೆಳಿಗ್ಗೆ ಸಾಹೇಬರು ಇಲಾಖೆಯ ಹಿತ್ತಾಳೆ ಬಟ್ಟುಗಳನ್ನು ಚೀಲದಲ್ಲಿ ಹೊತ್ತುಕೊಂಡು ಆಸ್ಪತ್ರೆಗೆ ನಡೆದರು. ಹತ್ತು ಕಿಲೋದವು ಎರಡು. ಲಿಫ್ಟು ಕೆಟ್ಟಿತ್ತು. ಎರಡು ಮಹಡಿ ಹತ್ತುವಷ್ಟರಲ್ಲಿ ಅಂಗಿ ತೊಯ್ದು ತೊಪ್ಪೆಯಾಗಿ, ಏದುಸಿರು ಬಿಡುತ್ತಾ ಡಯಟಿಷಿಯನ್ ಹುಡುಗಿಯ ಮುಂದೆ ಚೀಲ ಇಳಿಸಿದರು. ಒಂದು ಬಟ್ಟು ಇಟ್ಟರು, ಹತ್ತು ಕಿಲೋ. ಎರಡನೆಯದು ಇಟ್ಟರು, ಇಪ್ಪತ್ತು. ಮೂಲೆಗೆ ಸರಿಸಿ ನೋಡಿದರು, ಬಟ್ಟು ಹಿಡಿದುಕೊಂಡು ತಾವೇ ಹತ್ತಿ ನೋಡಿದರು. ಎಳ್ಳಷ್ಟೂ ತಪ್ಪಿಲ್ಲ. ಇಷ್ಟು ನಿಯತ್ತಿನ ತಕ್ಕಡಿ ಅವರು ಇಡೀ ಸರ್ವೀಸಿನಲ್ಲೇ ಕಂಡಿರಲಿಲ್ಲ.

“ತಕ್ಕಡಿ ಸರಿ ಇದೆಯಲ್ಲ ಸಾರ್,” ಎಂದಳು ಹುಡುಗಿ. “ಹಸಿವು ಹೇಗಿದೆ? ತುಂಬಾ ಕಷ್ಟ ಆಗ್ತಿದೆಯಾ?”

“ಹಸಿವೇ ಇಲ್ಲಮ್ಮ. ಮೊದಲ ಮೂರು ನಾಲ್ಕು ದಿನ ಆ ಪುಡಿ ಗಂಟಲಲ್ಲೇ ಇಳೀತಿರಲಿಲ್ಲ. ಈಗ ರುಚಿ ಹತ್ತಿಬಿಟ್ಟಿದೆ” ಎಂದು ಸಾಹೇಬರು ಹೆಮ್ಮೆಯಿಂದ ಹೇಳಿದರು.

ಹುಡುಗಿ ಅವರನ್ನೇ ನೋಡಿದಳು. “ಅದು ಯಾರಿಗೂ ರುಚಿ ಹತ್ತಲ್ಲ ಸಾರ್. ನಾನೂ ಕುಡಿದು ನೋಡಿದೀನಿ, ಥೂ. ಮನೇಲಿ ಯಾರು ಕಲಸಿಕೊಡ್ತಾರೆ?”

ಕಲಸಿಕೊಡುವವಳು ಹೆಂಡತಿಯೇ. ಊರಿನ ಪ್ರತಿಯೊಬ್ಬನ ಕೈಯನ್ನೂ ಹದ್ದಿನ ಕಣ್ಣಿಂದ ನೋಡುವ ಮನುಷ್ಯ ತನಗೆ ರುಚಿಯಾದದ್ದನ್ನು ಮಾತ್ರ ಅನುಮಾನಿಸಿರಲಿಲ್ಲ ನೋಡಿ!

ಆ ಸಂಜೆ ಅವರು ಹೆಂಡತಿ ಗಿರಾಕಿಯೊಬ್ಬಳ ಅಳತೆ ತೆಗೆದುಕೊಳ್ಳುತ್ತಿದ್ದ ಹೊತ್ತು ನೋಡಿ ಅಡುಗೆಮನೆಗೆ ನುಗ್ಗಿದರು. ಪುಡಿಯ ಡಬ್ಬಿಯ ಮುಚ್ಚಳಕ್ಕೆ ತಂತಿ ಸುತ್ತಿ, ಕಳ್ಳ ತಕ್ಕಡಿಗೆ ಒತ್ತುವ ಸೀಸದ ಮೊಹರು ಒತ್ತಿಬಿಟ್ಟರು. ಹೊತ್ತು ಹೊತ್ತಿಗೆ ತಾವೇ ಬಿಚ್ಚಿ, ಎರಡು ಚಮಚ ಅಳೆದು ಲೋಟಕ್ಕೆ ಹಾಕಿ, ಕದಡಲು ಹೆಂಡತಿಗೆ ಕೊಟ್ಟು, ಮತ್ತೆ ಮೊಹರು ಹಾಕುವುದೆಂದು ತೀರ್ಮಾನವಾಯಿತು.

ಹೆಂಡತಿ ಡಬ್ಬಿ ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. “ಏನ್ರೀ ಇದು?”

“ಇಲಿ ಕಾಟ.”

“ಯಾವ ಇಲಿ? ಈ ಮನೇಲಿರೋ ಇಲಿ ನಾನೊಬ್ಬಳೇ.” ಡಬ್ಬಿಯನ್ನು ಟಪ್ಪೆಂದು ಕುಕ್ಕಿ ಮೆಷಿನ್ನಿನ ಮುಂದೆ ಹೋಗಿ ಕೂತಳು. ಎರಡು ದಿನ ಮನೆಯಲ್ಲಿ ಮಾತೇ ಇಲ್ಲ. ಪುಡಿಯ ಲೋಟ ಮಾತ್ರ ಹೊತ್ತಿಗೆ ಸರಿಯಾಗಿ ಮೇಜಿನ ಮೇಲೆ ಬಂದು ಕೂರುತ್ತಿತ್ತು. ಮೊಹರು ಹಾಗೇ ಇದೆ, ರುಚಿಯೂ ಹಾಗೇ ಇದೆ. ಇದೆಂಥಾ ಮಾಯೆ?

ಹನ್ನೊಂದನೆಯ ದಿನ ಮಧ್ಯಾಹ್ನ ಅವರು ತಮ್ಮ ಪರೀಕ್ಷಾ ಪೆಟ್ಟಿಗೆಯಿಂದ ಸಣ್ಣ ತಕ್ಕಡಿ ಹೊರತೆಗೆದು ಮೇಜಿನ ಮೇಲಿಟ್ಟರು. ಡಬ್ಬಿಯೊಳಗಿನ ದೊಡ್ಡ ಚಮಚದಲ್ಲಿ ಎರಡು ಚಮಚ ಪುಡಿ ಅಂದರೆ ಅರವತ್ತು ಗ್ರಾಂ. ಒಂದು ಅಳತೆ ನೀರು ಇನ್ನೂರು. ಲೋಟದ ತೂಕ ಕಳೆದರೆ ಇನ್ನೂರ ಅರವತ್ತು ಬರಬೇಕು. ಹೆಂಡತಿ ತಂದಿಟ್ಟ ತುಂಬು ಲೋಟವನ್ನು ತುಳುಕದಂತೆ ತಕ್ಕಡಿಗೆ ಏರಿಸಿದರು. ಮುನ್ನೂರ ಇಪ್ಪತ್ತೆಂಟು. ಲೋಟ ಅಂಚಿನವರೆಗೆ ತುಂಬಿರುವುದು ಪ್ರೀತಿಗೆ ಎಂದುಕೊಂಡಿದ್ದರು ಇಷ್ಟು ದಿನ.

ಅರವತ್ತೆಂಟು ಗ್ರಾಂ ಹೆಚ್ಚು. ಇಪ್ಪತ್ತಾರು ವರ್ಷದಲ್ಲಿ ಅವರು ಹಿಡಿದದ್ದೆಲ್ಲ ಕಡಿಮೆ ಕೊಟ್ಟ ಕೇಸುಗಳನ್ನೇ. ಹೆಚ್ಚು ಕೊಟ್ಟು ಸಿಕ್ಕಿಬಿದ್ದದ್ದು ಇದೇ ಮೊದಲು.

ಲೋಟ ಹಿಡಿದುಕೊಂಡೇ ಹೊಲಿಗೆಯ ಕೋಣೆಗೆ ಹೋದರು. “ಏನು ಹಾಕಿದೀಯ ಇದಕ್ಕೆ?”

ಆಕೆ ಮೆಷಿನ್ ನಿಲ್ಲಿಸಲಿಲ್ಲ. “ಕೆನೆ. ಬಾದಾಮಿ ಪುಡಿ. ಮೂರು ಚಮಚ ಸಕ್ಕರೆ. ಸೂಪಿಗೆ ಬೆಣ್ಣೆ.”

ತಪ್ಪಿತಸ್ಥರು ತಡವರಿಸಬೇಕು, ಬೆವರಬೇಕು, ಕೈಮುಗಿಯಬೇಕು. ಇವಳೋ ಗಿರಾಕಿಗೆ ಗುಂಡಿ ಲೆಕ್ಕ ಹೇಳಿದ ಹಾಗೆ ಹೇಳುತ್ತಿದ್ದಾಳೆ! ಸಾಹೇಬರ ಸಿಟ್ಟು ನೆತ್ತಿಗೇರಿತು. “ತಲೆ ನೆಟ್ಟಗಿದೆಯಾ ನಿಂಗೆ? ತೂಕ ಇಳೀದಿದ್ರೆ ಆಪರೇಷನ್ ಇಲ್ಲ ಅಂತ ನೂರು ಸಲ ಹೇಳಿದೀನಿ!”

“ಹೇಳಿದ್ರಿ. ಅದಕ್ಕೇ ಹಾಕಿದ್ದು.”

ಈಗ ಮೆಷಿನ್ ನಿಂತಿತು. ಆಕೆ ಬಟ್ಟೆಯ ರಾಶಿಯ ಕೆಳಗಿಂದ ಒಂದು ಕಾಗದ ಎಳೆದಳು. ಒಪ್ಪಿಗೆ ಪತ್ರದ ನಕಲು. “ನಾಲ್ಕನೇ ದಿನ ನಿಮ್ಮ ಕನ್ನಡಕ ಹುಡುಕುವಾಗ ಚೀಲದಲ್ಲಿ ಸಿಕ್ತು. ನನ್ನ ಸೈ ಹಾಕಿಸಿಕೊಂಡ್ರಲ್ಲ, ಆಗ ಇದನ್ನ ಹೆಂಗೆ ಇಟ್ಟಿದ್ರಿ? ಮಡಚಿ ಇಟ್ಟಿದ್ರಿ. ಸೈ ಹಾಕೋ ಜಾಗ ಒಂದೇ ಕಾಣೋ ಹಾಗೆ. ನಾನು ಒಲೆ ಮೇಲೆ ಹಾಲಿಟ್ಟು ಓಡಿ ಬಂದು ಗೀಚಿದೆ. ಮೇಲೆ ಏನಿತ್ತು ಓದಿ ಈಗ.”

ಸಾಹೇಬರಿಗೆ ಓದಬೇಕಾಗಿರಲಿಲ್ಲ. ಪ್ರಾಣಾಪಾಯ ಆಗಬಹುದೆಂದು ತಿಳಿದೇ ಒಪ್ಪಿದ್ದೇನೆ ಎಂಬ ಸಾಲಿನ ಮೇಲೆ ಸರಿಯಾಗಿ ಮಡಿಕೆಯ ಗೆರೆ ಬಿದ್ದಿತ್ತು. ಎಷ್ಟು ಅಂಗಡಿಗಳಲ್ಲಿ ಅವರೇ ಗುಡುಗಿರಲಿಲ್ಲ, ಅರ್ಧ ತೋರಿಸಿ ಅರ್ಧ ಮುಚ್ಚಿಟ್ಟರೆ ಅದಕ್ಕೆ ಮೋಸ ಅಂತಾರಯ್ಯ ಎಂದು! ಮುಖ ಎಲ್ಲಿಡುವುದೆಂದು ತಿಳಿಯದೆ ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕುಸಿದರು. ಲೋಟ ಇನ್ನೂ ಕೈಯಲ್ಲೇ ಇತ್ತು.

“ಮಂಡಿ ನೋವಿಗೋಸ್ಕರ ಯಾರಾದ್ರೂ ಜೀವ ಒತ್ತೆ ಇಡ್ತಾರಾ?” ಆಕೆ ಕಾಗದವನ್ನು ಅವರ ಮಡಿಲಿಗೆ ಹಾಕಿದಳು. “ನಾನೇ ಸೈ ಹಾಕಿ ಕಳಿಸಿಕೊಟ್ಟ ಹಾಗಾಗ್ಲಿಲ್ವಾ?”

“ಮಂಡಿ ನೋವಲ್ಲ ಕಣೇ,” ಎಂದರು ಸಾಹೇಬರು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. “ನಿದ್ದೇಲಿ ನಂಗೆ ಉಸಿರು...”

“ನಿಲ್ಲುತ್ತೆ.”

“ನಿಂಗ್ಯಾರು ಹೇಳಿದ್ರು?”

“ಯಾರು ಹೇಳ್ಬೇಕ್ರೀ? ಪಕ್ಕದಲ್ಲಿ ಮಲಗೋಳು ನಾನಲ್ವಾ? ನಾಲ್ಕು ವರ್ಷದಿಂದ ಕಿವಿ ಕೊಟ್ಟುಕೊಂಡೇ ಮಲಗ್ತೀನಿ. ನಿಂತ ತಕ್ಷಣ ಮೊಣಕೈಲಿ ತಿವೀತೀನಿ, ನೀವು ಗೊರಕ್ ಅಂತ ಮತ್ತೆ ಶುರು ಮಾಡ್ತೀರಿ. ಇಲ್ಲಿ ನಿಂತ್ರೆ ನಾನಿದೀನಿ. ಅಲ್ಲಿ, ಆ ಟೇಬಲ್ ಮೇಲೆ, ನಿಂತ್ರೆ ಯಾರು ತಿವೀತಾರೆ?”

ಸಾಹೇಬರು ಹೆಂಡತಿಯ ಮುಖ ನೋಡಿದರು. ಅವಳ ಕಣ್ಣ ಕೆಳಗಿನ ಕಪ್ಪು ಬಟ್ಟೆ ಹೊಲಿದು ಹೊಲಿದು ಬಂದದ್ದೆಂದು ಎಷ್ಟು ಸಲ ಗದರಿಸಿದ್ದರು, ಹಗಲಲ್ಲಿ ತೂಕಡಿಸುತ್ತೀಯಲ್ಲ ಎಂದು ಎಷ್ಟು ಸಲ ಆಡಿಕೊಂಡಿದ್ದರು. ಎದ್ದು ಹೋಗಿ ಲೋಟವನ್ನು ಬಚ್ಚಲಿಗೆ ಸುರಿದು ಬಂದರು. ಆಮೇಲೆ ಆಸ್ಪತ್ರೆಯ ಕಾಗದಗಳೆಲ್ಲವನ್ನೂ ಕಟಿಂಗ್ ಟೇಬಲ್ ಮೇಲೆ ಹರಡಿ, ಮೊದಲ ಸಾಲಿನಿಂದ ಕೊನೆಯವರೆಗೆ ಒಂದನ್ನೂ ಬಿಡದೆ ಗಟ್ಟಿಯಾಗಿ ಓದಿ ಹೇಳಿದರು. ನಿದ್ದೆಯ ಪರೀಕ್ಷೆಯ ವರದಿ, ಆಪರೇಷನ್ ಮಾಡಿಸಿದರೆ ಏನಾಗಬಹುದು, ಮಾಡಿಸದಿದ್ದರೆ ಏನಾಗಬಹುದು. ಆಕೆ ನಡುವೆ ಎರಡು ಸಲ “ಇದನ್ನ ಇನ್ನೊಂದು ಸಲ ಓದಿ” ಎಂದಳು. ಓದಿದರು.

“ಸರಿ,” ಎಂದಳು ಕೊನೆಗೆ. “ನಂಗೂ ವಯಸ್ಸಾಗ್ತಿದೆ. ಒಂದಿನ ನಾನೇ ಗಾಢ ನಿದ್ದೆ ಹೋಗಿಬಿಟ್ರೆ?”

ಅಂದಿನಿಂದ ಲೋಟಕ್ಕೆ ತೂಕ ಮಾಡಿದ ಪುಡಿ, ನೀರು ಬಿಟ್ಟು ಬೇರೇನೂ ಬೀಳಲಿಲ್ಲ. ಸಾಹೇಬರಿಗೆ ನಿಜವಾದ ಹಸಿವೆಂದರೆ ಏನೆಂದು ಆಗ ಗೊತ್ತಾಯಿತು. ಗೋಡೆಗೆ ಬಳಿದ ಸುಣ್ಣವೂ ಕೆನೆಯ ಹಾಗೆ ಕಾಣುತ್ತಿತ್ತು. ಆದರೂ ಹದಿನೈದನೆಯ ದಿನ ಎರಡೂವರೆ ಕಿಲೋ ಬಾಕಿ ಉಳಿದು ಡೇಟು ಹೋಯಿತು. ಹೇಗೆ ತಪ್ಪಿತೆಂದು ಡಯಟಿಷಿಯನ್ ಕೇಳಿದಾಗ ಸಾಹೇಬರು, “ಅಳತೆ ಕಡೆ ನಾನೇ ಗಮನ ಕೊಡಲಿಲ್ಲಮ್ಮ” ಎಂದರು. ಹೆಂಡತಿ ಕಿಟಕಿಯಾಚೆ ನೋಡುತ್ತಾ ನಿಂತಿದ್ದಳು. ಹತ್ತು ದಿನ ಬಿಟ್ಟು ಹೊಸ ತಾರೀಖು ಸಿಕ್ಕಿತು.

ಆ ಹತ್ತನೆಯ ದಿನ ಯಂತ್ರದ ಅಂಕಿ ನೂರ ಮೂವತ್ತೈದೂವರೆಗೆ ಬಂದು ನಿಂತಿತು. ಮಾರನೆಯ ದಿನ ಬೆಳಿಗ್ಗೆ ಆಪರೇಷನ್. ಸಾಹೇಬರನ್ನು ವಾರ್ಡಿಗೆ ಸೇರಿಸಿಕೊಂಡು, ನರ್ಸು ಹೊಸ ಒಪ್ಪಿಗೆ ಪತ್ರ ತಂದಳು. ಈ ಸಲ ಅನುಮಾನದ ಸರದಿ ಹೆಂಡತಿಯದು, ಸಾಹೇಬರೇ ಬೆರಗಾಗುವಂತೆ. ಮೂರೂ ಹಾಳೆ ಓದಿ ಮುಗಿಸಿ, ಪೆನ್ನು ಮುಟ್ಟದೆ, “ಅರಿವಳಿಕೆ ಕೊಡೋರು ಯಾರು? ಅವರನ್ನ ನೋಡ್ಬೇಕು” ಎಂದು ಕೂತುಬಿಟ್ಟಳು. ಆಚೀಚೆ ನೋಡಿದ ನರ್ಸು ಕೊನೆಗೆ ನೆರೆಗೂದಲಿನ ಒಬ್ಬ ಲೇಡಿ ಡಾಕ್ಟರನ್ನು ಕರೆತಂದಳು.

“ಇವರ ಉಸಿರು ನಿಂತ್ರೆ ನೋಡ್ಕೊಳ್ಳೋರು ನೀವೇನಾ?”

“ನಾನೇ ಅಮ್ಮ. ತಲೆ ಹತ್ತಿರಾನೇ ಕೂತಿರ್ತೀನಿ. ನಂಗೆ ಅದೊಂದೇ ಕೆಲಸ.”

“ಮಧ್ಯೆ ಕಾಫಿಗೆ ಗೀಫಿಗೆ ಎದ್ದು ಹೋಗ್ತೀರಾ?”

“ಇಲ್ಲ.”

“ಫೋನು?”

“ಹೊರಗಿಟ್ಟು ಹೋಗ್ತೀನಿ.”

“ನಿಮ್ಮ ಕೈಯಲ್ಲಿ ಯಾರಾದ್ರೂ ಹೋಗಿದಾರಾ?”

ಸಾಹೇಬರು “ಏ, ಏನೇ ಇದು” ಎಂದು ಬಾಯಿ ಹಾಕಿದರು. ಡಾಕ್ಟರು ಕೈಯೆತ್ತಿ ಅವರನ್ನು ತಡೆದು, ಆಕೆಯ ಎದುರು ಕುರ್ಚಿ ಎಳೆದುಕೊಂಡು ಕೂತರು. “ಒಬ್ಬರು ಹೋಗಿದಾರೆ. ಒಂಬತ್ತು ವರ್ಷ ಆಯ್ತು. ಇವತ್ತಿಗೂ ಅವರ ಮುಖ ಮರೆತಿಲ್ಲ.”

ಹೆಂಡತಿ ಹಾಳೆಗಳನ್ನು ತನ್ನ ಕಡೆ ಎಳೆದುಕೊಂಡಳು. ಆಮೇಲೆ ಹೇಳಿದಳು, “ಎಡಗಡೆ ಪಕ್ಕೆಗೆ ತಿವೀಬೇಕು. ಬಲಗಡೆ ತಿವಿದ್ರೆ ಇವರಿಗೆ ಗೊತ್ತೇ ಆಗಲ್ಲ.” ಡಾಕ್ಟರು ನಗಲಿಲ್ಲ, ಆಗಲಿ ಎಂದು ತಲೆಯಾಡಿಸಿದರು. ಆಕೆ ಪೆನ್ನು ತೆಗೆದುಕೊಂಡು, ಹಾಳೆಯನ್ನು ಪೂರ್ತಿ ಬಿಡಿಸಿಟ್ಟುಕೊಂಡು, ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದಳು.

ಸಾಹೇಬರು ಆ ಸೈಯನ್ನೇ ನೋಡಿದರು. ಯಂತ್ರ, ಪುಡಿ, ಡಬ್ಬಿ, ಹೆಂಡತಿ, ಇಷ್ಟು ದಿನ ಒಬ್ಬೊಬ್ಬರನ್ನೇ ಅನುಮಾನಿಸುತ್ತಾ ಹೊತ್ತು ಕಳೆದದ್ದಾಗಿತ್ತು. ಈಗ ಅನುಮಾನಿಸಲು ಯಾರೂ ಉಳಿದಿರಲಿಲ್ಲ. ಡಾಕ್ಟರು ಆಚೆ ಹೋದ ಮೇಲೆ ಮಂಚದ ಅಂಚಿಗೆ ಕೂತು ಹೆಂಡತಿಯ ಕೈ ಹಿಡಿದುಕೊಂಡರು.

“ಭಯ ಆಗ್ತಿದೆ ಕಣೇ.”

“ಆಗ್ಲಿ ಬಿಡಿ,” ಎಂದಳು ಆಕೆ, ಕೈ ಬಿಡಿಸಿಕೊಳ್ಳದೆ. “ಇಷ್ಟು ದಿನ ನನಗೊಬ್ಬಳಿಗೇ ಆಗ್ತಿತ್ತು.”