ದವಾಖಾನ್ಯಾಗ ಹಾಸಿದ ಕಂಬಳಿ

ನಮ್ಮ ಜತ್ತ ಸಂಸ್ಥಾನ ಹೋಗಿ, ಮುಂಬೈ ರಾಜ್ಯದಾಗ ಕೂಡಿ ಐದು ವರ್ಷಾಗಿತ್ತು. ನಾಲಿಗಿ ಮಗ್ಗಲಕ ಹುಣ್ಣಾಗಿ, ಕ್ಯಾನ್ಸರ್ ಅಂತ ನನ್ನ ರೈಲು ಹತ್ತಿಸಿ ದೊಡ್ಡ ದವಾಖಾನಿಗೆ ಒಯ್ದಿದ್ರು. ಸೋಮವಾರ ಕೊಯ್ಯೂ ಡಾಕ್ಟರು ಬಂದು, ಅರ್ಧ ನಾಲಿಗಿ ತಗೀಬೇಕು ಅಂದ್ರು. ಮಂಗಳವಾರ ರೇಡಿಯಮ್ ಡಾಕ್ಟರು ಬಂದು, ರೇಡಿಯಮ್ ತುಂಬಿದ ಸೂಜಿ ನಾಲಿಗ್ಯಾಗ ಚುಚ್ಚಿಟ್ಟು ಹುಣ್ಣು ಸುಟ್ರ ಸಾಕು ಅಂದ್ರು. ಬುಧವಾರ ಮತ್ತ ಮೊದಲಿನವರು ಬಂದು, ನಾಳೆ ಕೊಯ್ಯೂದೈತಿ ಅಂತ ನರ್ಸಬಾಯಿ ಸಿದ್ದವ್ವಗ ಹೇಳಿ ಹೋದ್ರು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ನನಗ ಸಿಟ್ಟು ನೆತ್ತಿಗೇರಿತು.

ನಾ ಮಾಡಗ್ಯಾಳದ ಯಮನವ್ವ. ಇನ್ನೂರು ಕುರಿ ನನ್ನ ಕೂಗಿಗೆ ತಿರಗತಾವ. ನಾಲಿಗಿ ಹೋದ್ರ ನನ್ನ ಹತ್ರ ಉಳಿಯೂದರ ಏನು? ಗಂಡ ಅಮಸಿದ್ದ ಮೂಲ್ಯಾಗ ಕುಂತು ಅಳತಿದ್ದ. 'ಅತ್ತರ ಏನಾಗತೈತಿ? ಕಂಬಳಿ ಕೊಡ ಇಲ್ಲಿ' ಅಂದೆ.

ಹಿಂಡಿಗೆ ಬ್ಯಾನಿ ಬಂದ್ರ ನಮ್ಮ ಮಂದಿ ಕಂಬಳಿ ಹಾಸತಾರ. ಎಲ್ಲಾರೂ ಅದರ ಮ್ಯಾಲ ಕುಂದ್ರಬೇಕು. ಸಣ್ಣವರು ಮೊದಲು ಮಾತಾಡಬೇಕು, ಹಿರ್ಯಾರು ಕಡೀಕ. ಒಂದ ಮಾತಾಗೂತನಕ ಯಾರೂ ಏಳಂಗಿಲ್ಲ. ಗುರುವಾರ ಮುಂಜಾನೆ ವಾರ್ಡಿನ ಪಡಸಾಲ್ಯಾಗ ಹಾಸಿ, ಇಬ್ಬರು ಡಾಕ್ಟರಿಗೂ ಅಡ್ಡ ನಿಂತೆ.

'ಕುಂದ್ರಿ ಸಾಹೇಬ್ರ. ಕೊಯ್ಯೂದಾದ್ರ ಮಾತಾಡಿ ಕೊಯ್ರಿ.'

ರೇಡಿಯಮ್ ಡಾಕ್ಟರು ನಕ್ಕು ಬೂಟು ಬಿಚ್ಚಿ ಕುಂತ್ರು. ಕೊಯ್ಯೂ ಡಾಕ್ಟರು ಗಡಿಯಾರ ನೋಡಿ, ಆಮ್ಯಾಲ ಕುಂತ್ರು. 'ಮೊದಲು ಸಿದ್ದವ್ವ' ಅಂದೆ.

ಆಕಿ ಹೆದರಿದ್ಲು. ಆದ್ರೂ ಬಾಯಿ ಬಿಟ್ಲು. 'ಎಂಟು ದಿನದಿಂದ ಬರೇ ಗಂಜಿ ಮ್ಯಾಲ ಅದಾರ್ರಿ. ಈಗ ಕೊಯ್ದ್ರ ತಡಕೊಳ್ಳೂದಿಲ್ರಿ. ನಿದ್ದ್ಯಾಗೂ ಕುರಿ ಕರೀತಾರ್ರಿ.'

'ಗಂಜಿ ಮಾತು ನನಗ ಯಾರೂ ಹೇಳಿಲ್ಲ' ಅಂದ್ರು ಕೊಯ್ಯೂ ಡಾಕ್ಟರು. ರೇಡಿಯಮ್ ಡಾಕ್ಟರು, ಹುಣ್ಣು ಸಣ್ಣದೈತಿ, ಕುತಿಗ್ಯಾಗ ಗಂಟಿಲ್ಲ ಅಂದ್ರು. ಕೊಯ್ಯೂವರು ಅಲ್ಲೇ ಕಂಬಳಿ ಮ್ಯಾಲ ನನ್ನ ಕುತಿಗಿ ಹಿಚಿಕಿ ನೋಡಿದ್ರು.

'ಮೊದಲು ಹಾಲು, ತತ್ತಿ ಹಾಕಿ ಗಟ್ಟಿ ಮಾಡ್ರಿ. ಆಮ್ಯಾಲ ಸೂಜಿ. ಎರಡು ತಿಂಗಳಿಗೆ ಮಾಯದಿದ್ರ ನಾ ಕೊಯ್ತೀನಿ' ಅಂದು ನನ್ನ ಕಡೆ ನೋಡಿದ್ರು. 'ನಿಮ್ಮ ಮಾತೇನವ್ವ?'

ನನಗ ಕಣ್ಣೀರು ಬಂದ್ವು. 'ಒಂದ ಮಾತಾತು, ಏಳ್ರಿ ಇನ್ನ' ಅಂದೆ.

ಸೂಜಿಗೆ ನಾಲಿಗಿ ಬಾತು, ತಿಂಗಳ ಮ್ಯಾಲ ಮೂಕಿ ಆಗಿದ್ದೆ. ಅಮಸಿದ್ದ ಕುರಿ ನೋಡಾಕ ಊರಿಗೆ ಹೋದ. ಎರಡು ತಿಂಗಳಿಗೆ ಕೊಯ್ಯೂ ಡಾಕ್ಟರು ಒತ್ತಿ ನೋಡಿ, ನನ್ನ ಕೆಲಸಿಲ್ಲ ಇಲ್ಲಿ ಅಂದ್ರು. ನನ್ನ ಕಂಬಳಿ ಮಾತ್ರ ತಿರುಗಿ ಕೊಡಲಿಲ್ಲ, ವಾರ್ಡಿನ್ಯಾಗ ಇಟ್ಟುಕೊಂಡ್ರು. ಗುರುವಾರಕ್ಕೊಮ್ಮೆ ಇಬ್ಬರೂ ಡಾಕ್ಟರು ಅದರ ಮ್ಯಾಲ ಕುಂದ್ರತಿದ್ರು, ಮೊದಲ ಮಾತು ಸಿದ್ದವ್ವಂದು.

ಊರಿಗೆ ಬಂದ್ರ, ನನ್ನ ಗಂಡ ಮಂದಿ ಜ್ವಾಳದ ಹೊಲದಾಗ ಕುರಿ ಬಿಟ್ಟು ನಿಂತಿದ್ದ. ಬದುವಿನ ಮ್ಯಾಲಿಂದ ಕೂಗಿದೆ. ದನಿ ಒಡದಿತ್ತು, ಆದ್ರೂ ಇಡೀ ಹಿಂಡು ತಿರುಗಿತು. ಹಂಗ ಅವಗೂ ಬಾಯಿಗೆ ಬಂದಂಗ ಬೈದೆ.

ಅಂವ ಬಡಿಗಿ ಬಿಟ್ಟು ಜ್ವಾಳದಾಗ ಕುಂತುಬಿಟ್ಟ.

'ಬೈಯ' ಅಂದ, 'ಇನ್ನೊಂದೀಟ ಬೈಯ.'